ಅಮ್ಮನ ಶನಿವಾರದ ಬಾಳೆಹಣ್ಣು, ಮಾವನ ಜೋಳದ ಹೊಲ

ಹಾಸನದ ನಮ್ಮ ಲೇಔಟಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಸಾಮಾನ್ಯವಾಗಿ ಮೂರೇ ವಿಷಯ. ನೀರು ಯಾವಾಗ ಬಿಡ್ತಾರೆ, ಕಸದ ಆಟೋ ಬಂತಾ, ಯಾರ ಮನೆ ಗೃಹಪ್ರವೇಶ. ಕಳೆದ ಮಳೆಗಾಲದ ಒಂದು ಭಾನುವಾರ ಮಾತ್ರ ಬೆಳಗಿನಿಂದ ರಾತ್ರಿವರೆಗೆ ಕೋತಿ ವಿಷಯವೇ ನಡೆಯಿತು. ಸಂಘದ ಕಾರ್ಯದರ್ಶಿ ಹಾಕಿದ್ದ ಮೆಸೇಜು ಎರಡೇ ಸಾಲು: “ಇನ್ನು ಮುಂದೆ ಯಾರೂ ಕೋತಿಗಳಿಗೆ ತಿನ್ನಲು ಏನೂ ಹಾಕಬಾರದು. ಹಾಕಿದವರಿಗೆ ₹500 ದಂಡ.”

ಹಿಂದಿನ ದಿನ ಮೂರನೇ ಕ್ರಾಸಿನಲ್ಲಿ ಏಳು ವರ್ಷದ ಹುಡುಗನ ಕೈಯಲ್ಲಿದ್ದ ಬನ್ ಕಿತ್ತುಕೊಳ್ಳಲು ಹೋದ ಕೋತಿ ಅವನ ಮೊಣಕೈ ಪರಚಿತ್ತು. ರೇಬೀಸ್ ಇಂಜೆಕ್ಷನ್ ಶುರುವಾಗಿತ್ತು. ಹಾಗಾಗಿ ಸಿಟ್ಟಿಗೆ ಕಾರಣ ಇತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಗ್ರೂಪು ಎರಡು ಭಾಗ. “ಆಂಜನೇಯನ ಸ್ವರೂಪಕ್ಕೆ ಹಣ್ಣು ಕೊಟ್ಟರೆ ದಂಡವಾ?” ಅಂತ ಒಬ್ಬರು. “ಸ್ವರೂಪ ನಿಮ್ಮ ಮನೆಯೊಳಗೇ ಇರಲಿ, ನಮ್ಮ ಟ್ಯಾಂಕಿಗೆ ಇಳಿದು ಸ್ನಾನ ಮಾಡೋದು ಬೇಡ” ಅಂತ ಇನ್ನೊಬ್ಬರು. ಯಾರೋ ಮಂಗನ ಕಾಯಿಲೆಯ ಫಾರ್ವರ್ಡ್ ಹಾಕಿದರು. ಆ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಮನುಷ್ಯರಿಗೆ ದಾಟಿಸುವುದು ಕಾಡಿನ ಉಣ್ಣೆ. ನಮ್ಮ ತಾರಸಿ ಮೇಲೆ ಹಾದುಹೋದ ಕೋತಿಯಿಂದ ಹಾಗೆಲ್ಲ ಬರುವುದಿಲ್ಲ ಅಂತ ನಾನು ಬರೆದೆ. ಅದನ್ನು ಯಾರೂ ಓದಿದ ಹಾಗೆ ಕಾಣಲಿಲ್ಲ.

ನಾನು ಸುಮ್ಮನಿರಲು ಆಗದಿದ್ದಕ್ಕೆ ಬೇರೆ ಕಾರಣ ಇತ್ತು. ನಮ್ಮ ಬೀದಿಯಲ್ಲಿ ಅತಿ ಹೆಚ್ಚು ಬಾಳೆಹಣ್ಣು ಹಾಕುವವರು ನಮ್ಮಮ್ಮ.

ಅಪ್ಪನಿಗೆ ಹೃದಯದ ಆಪರೇಷನ್ ಆದ ವರ್ಷ ಅಮ್ಮ ಹರಕೆ ಹೊತ್ತಿದ್ದರು. ಪ್ರತಿ ಶನಿವಾರ ಬೆಳಿಗ್ಗೆ ಒಂದು ಚಿಪ್ಪು ಬಾಳೆಹಣ್ಣು, ಒಂದು ಹಿಡಿ ಕಡಲೆ, ತಾರಸಿಯ ಕಟ್ಟೆ ಮೇಲೆ. ಅಪ್ಪ ಚೆನ್ನಾಗಿದ್ದಾರೆ, ದಿನಾ ವಾಕಿಂಗ್ ಹೋಗ್ತಾರೆ. ಅಮ್ಮನ ಲೆಕ್ಕದಲ್ಲಿ ಆ ವಾಕಿಂಗಿಗೂ ಈ ಚಿಪ್ಪಿಗೂ ನೇರ ಸಂಬಂಧ. ನಾನು ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಂದರೆ ಶನಿವಾರ ಬೆಳಿಗ್ಗೆ ಎಬ್ಬಿಸುವುದು ಅಲಾರಂ ಅಲ್ಲ, ಶೀಟಿನ ಮೇಲೆ ಧಡಧಡ ಓಡುವ ಸದ್ದು. ಅವಕ್ಕೆ ವಾರ ಗೊತ್ತಾ ಅಂತ ಅಪ್ಪ ನಗ್ತಾರೆ. ವಾರ ಗೊತ್ತೋ ಇಲ್ಲವೋ, ಮನೆಗಳಂತೂ ಗೊತ್ತು. ಮೂಲೆಮನೆ ಅಜ್ಜಿ ಸೋಮವಾರ ಹಾಕ್ತಾರೆ, ಪಾರ್ಕಿನ ಎದುರಿನವರು ಉಳಿದ ಚಪಾತಿ ಹಾಕ್ತಾರೆ, ದೇವಸ್ಥಾನದ ಮೆಟ್ಟಿಲ ಮೇಲೆ ತೆಂಗಿನಕಾಯಿ ಹೋಳು ಯಾವಾಗಲೂ ಇರುತ್ತೆ. ಗಬಗಬ ಕೆನ್ನೆಯ ಚೀಲಕ್ಕೆ ತುಂಬಿಕೊಂಡು, ಆಮೇಲೆ ನೀರಿನ ಟ್ಯಾಂಕಿನ ಮೇಲೆ ಕೂತು ನಿಧಾನವಾಗಿ ಅಗಿಯುತ್ತವೆ. ನೋಡೋಕೆ ಚೆಂದವೇ.

ಭಾನುವಾರ ಸಂಜೆ ಗ್ರೂಪಿನಲ್ಲಿ ಮೂರನೆಯ ಸಲಹೆ ಬಂತು. “ದಂಡ ಗಿಂಡ ಎಲ್ಲ ಬೇಡ. ಮನೆಗೆ 500 ಹಾಕೋಣ, ಹಿಡಿಯೋರನ್ನ ಕರೆಸೋಣ. ಒಂದೇ ದಿನದಲ್ಲಿ ಖಾಲಿ ಮಾಡಿಸ್ತಾರೆ.” ಬೆಳಗಿನಿಂದ ಜಗಳವಾಡುತ್ತಿದ್ದ ಎರಡೂ ಕಡೆಯವರು ಇದಕ್ಕೆ ಹೆಬ್ಬೆರಳು ಒತ್ತಿದರು. ಹಣ್ಣು ಹಾಕುವವರಿಗೂ ಪಾಪ ಅನ್ನಿಸದ, ಹಾಕದವರಿಗೂ ಕಾಟ ತಪ್ಪುವ ದಾರಿ. “ದೂರ ಕಾಡಿಗೆ ಬಿಟ್ಟು ಬರ್ತಾರಂತೆ” ಅಂತ ಸೇರಿಸಿದ್ದರಲ್ಲ, ಸಾಕಲ್ಲ.

ನಮ್ಮ ಜಿಲ್ಲೆಯವರಿಗೆ ಈ ಮಾತು ಕೇಳಿದ ಕೂಡಲೇ ಒಂದು ಹೆಸರು ನೆನಪಾಗಬೇಕಿತ್ತು. ಚೌಡನಹಳ್ಳಿ. ಬೇಲೂರು ತಾಲ್ಲೂಕು, 2021ರ ಜುಲೈ ಕೊನೆ. ರಾತ್ರಿ ಹೊತ್ತು ರಸ್ತೆ ಬದಿಯಲ್ಲಿ ಚೀಲಗಳು ಬಿದ್ದಿದ್ದವು. ಊರಿನ ಹುಡುಗರು ಬಿಚ್ಚಿ ನೋಡಿದರೆ ಒಳಗೆ ಕೋತಿಗಳು. 38 ಸತ್ತಿದ್ದವು. ಉಸಿರಿದ್ದ ಕೆಲವಕ್ಕೆ ಆ ಹುಡುಗರೇ ನೀರು ಕುಡಿಸಿದರು. ಆ ವಿಡಿಯೊ ಆಗ ನಮ್ಮೆಲ್ಲರ ಫೋನಿಗೂ ಬಂದಿತ್ತು. ರಾಜ್ಯ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಮೊದಲು ವಿಷ ಹಾಕಿದ್ದಾರೆ ಅಂತಲೇ ಎಲ್ಲ ಕಡೆ ಸುದ್ದಿ. ಆಮೇಲೆ ಬಂಧನಗಳಾದಾಗ ಹೊರಬಂದ ಕಥೆ ನಮ್ಮ ಗ್ರೂಪಿನ ಸಲಹೆಯಂಥದ್ದೇ: ಕೋತಿ ಕಾಟ ತಾಳಲಾರದೆ ದುಡ್ಡು ಕೊಟ್ಟು ಹಿಡಿಸಿದ್ದು, ಚೀಲಕ್ಕೆ ತುಂಬಿ ದೂರ ಸಾಗಿಸಿದ್ದು.

ಆ ವಿಡಿಯೊ ನೋಡಿ ಅತ್ತವರಲ್ಲಿ ನಮ್ಮ ಗ್ರೂಪಿನವರೂ ಇದ್ದರು. ಅವರಲ್ಲಿ ಯಾರೂ ಕ್ರೂರಿಗಳಲ್ಲ. ಚೀಲ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು, ಚೀಲದಲ್ಲಿ ಸಾಯದೆ ಉಳಿದವು ಎಲ್ಲಿಗೆ ಹೋಗುತ್ತವೆ? ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ನಮ್ಮ ಮಾವನಿಗೆ ಮೂರು ಎಕರೆ ಹೊಲ ಇದೆ. ಹಾಸನದಿಂದ ಅರಕಲಗೂಡು ಸುಮಾರು 30 ಕಿಲೋಮೀಟರು, ಅಲ್ಲಿಂದ ಇನ್ನೂ ಒಳಗೆ. ಪ್ರತಿ ವರ್ಷ ಮಳೆಗಾಲದಲ್ಲಿ ಮಾವ ಬಂದರೆ ಒಂದು ಚೀಲ ಹಸಿ ಜೋಳದ ತೆನೆ ಬಂತು ಅಂತ ಅರ್ಥ. ಬೇಯಿಸಿ, ಸುಟ್ಟು, ಬೀದಿಗೆಲ್ಲ ಹಂಚಿ ಮುಗಿಸುತ್ತಿದ್ದೆವು. ಈ ಸಲ ಆಸ್ಪತ್ರೆ ಕೆಲಸಕ್ಕೆ ಬಂದವರು ಬರಿಗೈಯಲ್ಲಿ ಬಂದರು. ಅಮ್ಮ ಕೇಳೇಬಿಟ್ಟರು.

“ತೆನೆ ತರ್ಲಿಲ್ವಾ ಅಣ್ಣ?”

“ಎಲ್ಲಿಂದ ತರ್ಲಿ ಕಣವ್ವ. ಕೋತಿ ತಿಂದು ಉಳಿದದ್ದು ದನಕ್ಕೆ ಹಾಕ್ದೆ. ಮುಂದಿನ್ ಸಲ ಜೋಳನೇ ಹಾಕಲ್ಲ. ಹೊಗೆಸೊಪ್ಪೇ ಹಾಕದು. ಅದನ್ನಾದ್ರೆ ಮುಟ್ಟಲ್ಲ.”

ನಮ್ಮಜ್ಜಿಯ ಕಾಲದಲ್ಲಿ ಆ ಊರಲ್ಲಿ ಕೋತಿ ಇರಲಿಲ್ಲ ಅಂತಲ್ಲ. ಇದ್ದವು, ಊರ ಮುಂದಿನ ಗೋಣಿಮರದಲ್ಲಿ ಒಂದು ಗುಂಪು. ಮನುಷ್ಯ ಕಂಡರೆ ಮರ ಹತ್ತುತ್ತಿದ್ದವು. ಈಗ ಬಂದಿರುವವು ಹೊಸವು ಅಂತ ಮಾವ. “ನಮ್ಮೂರ್ ಕೋತಿಗೆ ಗೇಟ್ ಚಿಲಕ ತೆಗ್ಯಕ್ಕೆ ಬರ್ತಿರ್ಲಿಲ್ಲ. ಇವಕ್ಕೆ ಬತ್ತದೆ. ಪ್ಲಾಸ್ಟಿಕ್ ಕವರ್ ಕಂಡ್ರೆ ಸಾಕು, ಕೈಗೇ ಬಾಯಿ ಹಾಕ್ತವೆ. ಇವು ಪ್ಯಾಟೆ ಕೋತಿ.” ರಾತ್ರಿ ಗಾಡಿ ಬಂದು ನಿಂತದ್ದನ್ನು ಕಂಡವರಿದ್ದಾರಂತೆ, ಹಿಡಿದವರಿಲ್ಲ. ಬೆಳಕು ಹರಿಯುವಷ್ಟರಲ್ಲಿ ಹೊಲದ ಬದುವಿನಲ್ಲಿ ಹತ್ತಿಪ್ಪತ್ತು ಕೂತಿರುತ್ತವೆ. ಮಾವನಿಗೆ ಅರವತ್ತಾರು ವರ್ಷ. ಬೆಳಿಗ್ಗೆ ಆರರಿಂದ ಹೊತ್ತು ಮುಳುಗುವವರೆಗೆ ಡಬ್ಬ ಬಡಿಯುತ್ತಾ ಹೊಲದಲ್ಲಿ ಕೂರಬೇಕು. ಊಟಕ್ಕೆ ಅಂತ ಎದ್ದು ಹೋದ ಅರ್ಧ ಗಂಟೆಯಲ್ಲೇ ಆಗುವುದೆಲ್ಲ ಆಗಿಹೋಗುತ್ತದೆ. ತೀರ್ಥಹಳ್ಳಿ ಕಡೆಯ ರೈತರೊಬ್ಬರು ಕೋತಿ ಹೆದರಿಸಲು ನಾಯಿಗೆ ಹುಲಿಪಟ್ಟೆ ಬಳಿದಿದ್ದರಲ್ಲ, 2019ರಲ್ಲಿ, ದೇಶವೆಲ್ಲ ನಕ್ಕಿತ್ತು. ಮಾವ ನಗಲಿಲ್ಲ. “ಬಣ್ಣ ಎಷ್ಟ್ ದಿನ ಇತ್ತಂತೆ?” ಅಂತ ಕೇಳಿದ್ದರು.

ಚನ್ನರಾಯಪಟ್ಟಣದ ನನ್ನ ಸಹೋದ್ಯೋಗಿಯೊಬ್ಬನ ಮನೆಯಲ್ಲಿ ಇದೇ ಕಥೆ ತೆಂಗಿನ ತೋಟದಲ್ಲಿ. ಎಳೆಗಾಯಿ ಕಿತ್ತು, ಒಂದು ಗುಟುಕು ಕುಡಿದು, ಬಿಸಾಕಿ ಇನ್ನೊಂದು. ಹೊಳೆನರಸೀಪುರದಲ್ಲಿರುವ ನನ್ನ ಚಿಕ್ಕಮ್ಮ ಹಪ್ಪಳ ಒಣಗಿಸುವುದನ್ನೇ ಬಿಟ್ಟಿದ್ದಾರೆ. ಇವೆಲ್ಲ ದೊಡ್ಡ ನಷ್ಟವಾಗಿ ಪೇಪರಿಗೆ ಬರುವುದಿಲ್ಲ. ಆನೆ ತುಳಿದರೆ ಸುದ್ದಿ. ಕೋತಿ ತಿಂದದ್ದು ಲೆಕ್ಕಕ್ಕೆ ಸಿಗದ ನಷ್ಟ.

ಇಷ್ಟೆಲ್ಲ ಕೇಳಿದರೆ ಕೋತಿ ಸಂತತಿ ಮಿತಿಮೀರಿದೆ ಅನ್ನಿಸುತ್ತದೆ ಅಲ್ವಾ? ಹಾಗಲ್ಲ. ನಮ್ಮ ಕೆಂಪು ಮೂತಿಯ, ತಲೆ ಮೇಲೆ ಟೋಪಿಯಂಥ ಕೂದಲಿನ ಕೋತಿ ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಸಹಜವಾಗಿ ಇಲ್ಲ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ಮೈಸೂರು ಸುತ್ತಲಿನ ರಸ್ತೆಬದಿಯ ಕೋತಿ ಗುಂಪುಗಳನ್ನು ದಶಕಗಳ ಕಾಲ ಎಣಿಸಿದ್ದಾರೆ. ಅವರು ಕಂಡದ್ದು ಇಳಿಕೆ. ಕಾರಣಗಳಲ್ಲಿ ಮುಖ್ಯವಾದವು ಎರಡು: ರಸ್ತೆ ಬದಿಯ ಆಲ, ಗೋಣಿ, ಹುಣಸೆಯಂಥ ಮರಗಳು ಹೋದದ್ದು, ಜನರೇ ಕೋತಿಗಳನ್ನು ಹಿಡಿದು ಸಾಗಿಸಿದ್ದು. ಬೆಂಗಳೂರು ಹೆದ್ದಾರಿ ಚನ್ನರಾಯಪಟ್ಟಣದ ಮೇಲೆ ಹಾಸನದವರೆಗೆ ನಾಲ್ಕು ಪಥ ಆಗುವ ಮುಂಚಿನ ಸಾಲುಮರ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರದಲ್ಲಿ ಚದುರಿದ್ದವು ಈಗ ನಮ್ಮ ಮನೆಗಳ ಸುತ್ತ ಒತ್ತಾಗಿ ಕಾಣುತ್ತವೆ. ಹೆಚ್ಚಾದದ್ದು ಕೋತಿಯಲ್ಲ, ಭೇಟಿ.

ಹಿಡಿಸುವುದರಲ್ಲಿ ಇನ್ನೊಂದು ದಡ್ಡತನ ಇದೆ. ಈ ಕೋತಿಗಳಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಬದುಕು ಕಳೆಯುತ್ತವೆ, ಗಂಡುಗಳು ದೊಡ್ಡವಾದ ಮೇಲೆ ಬೇರೆ ಗುಂಪಿಗೆ ಹೋಗುತ್ತವೆ. ಒಂದೊಂದು ಗುಂಪಿಗೆ ಓಡಾಡುವ ಜಾಗ ಅಂತ ಇರುತ್ತದೆ. ಅರ್ಧ ಗುಂಪು ಹಿಡಿದರೆ ತಾಯಿ ಇಲ್ಲಿ, ಮರಿ ಅಲ್ಲಿ. ಪೂರ್ತಿ ಹಿಡಿದರೆ ಜಾಗ ಖಾಲಿ, ಬಾಳೆಹಣ್ಣು ಹಾಗೇ ಇದೆ. ಪಕ್ಕದ ಬಡಾವಣೆಯ ಗುಂಪಿಗೆ ಇದಕ್ಕಿಂತ ಒಳ್ಳೆ ಆಹ್ವಾನ ಬೇಕಾ?

ಕಾನೂನಿನ ಮಾತು ಬಂದಾಗ ಗ್ರೂಪು ಸ್ವಲ್ಪ ತಣ್ಣಗಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಲ್ಲಿ ನಮ್ಮ ಕೋತಿ ಮೊದಲನೇ ಪಟ್ಟಿಯಲ್ಲಿದೆ, ಹುಲಿ ಆನೆ ಇರುವ ಪಟ್ಟಿಯಲ್ಲೇ. ‘ಬೇಟೆ’ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಹಿಡಿಯುವುದು, ಬಲೆ ಹಾಕುವುದು, ವಿಷವಿಡುವುದು ಎಲ್ಲವೂ ಬೇಟೆಯೇ. ಮೊದಲನೇ ಪಟ್ಟಿಯ ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ ₹25,000 ದಂಡ. ಹಿಡಿಯಬೇಕಾದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು. ಮನೆಗೆ 500ರಂತೆ ಫೋನ್‌ಪೇ ಮಾಡಿದರೆ ಲೇಔಟಿನ ಎಲ್ಲರ ಹೆಸರೂ ಸ್ಕ್ರೀನ್‌ಶಾಟಿನಲ್ಲಿ ಉಳಿಯುತ್ತದೆ ಅಂತ ಒಬ್ಬ ವಕೀಲರು ಬರೆದರು. ಹೆಬ್ಬೆರಳು ಒತ್ತಿದ್ದ ಕೆಲವರು ಸದ್ದಿಲ್ಲದೆ ಹೆಬ್ಬೆರಳು ವಾಪಸ್ ತೆಗೆದರು.

ಹಾಗಾದರೆ ಆಹಾರ ಹಾಕುವುದಕ್ಕೆ ಏನು ನಿಯಮ? ಬೀದಿನಾಯಿ ವಿಷಯದಲ್ಲಿ ದೇಶಕ್ಕೆಲ್ಲ ಒಂದು ನಿಯಮವಿದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ನಿವಾಸಿಗಳ ಸಂಘವೇ ಜಾಗ, ಹೊತ್ತು ಗೊತ್ತು ಮಾಡಬೇಕು, ಮಕ್ಕಳು ಆಡುವ ಜಾಗದಿಂದ ದೂರ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಬೀದಿಯಲ್ಲಿ ಎಲ್ಲೆಂದರಲ್ಲಿ ಹಾಕಬೇಡಿ, ಗೊತ್ತುಮಾಡಿದ ಜಾಗದಲ್ಲಿ ಹಾಕಿ ಅಂದಿತು. ನಾಯಿಯ ಈ ನಿಯಮವನ್ನು ಕೋತಿಗೆ ಎಳೆದು ತರಲು ಆಗುವುದಿಲ್ಲ. ನಾಯಿ ಬೀದಿಯದು, ಕೋತಿ ವನ್ಯಜೀವಿ. ಬಂಡೀಪುರದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಕೋತಿಗೆ ಬಿಸ್ಕತ್ತು ಕೊಟ್ಟರೆ ಅರಣ್ಯ ಇಲಾಖೆ ದಂಡ ಹಾಕುತ್ತದೆ. ಸಿಂಗಪುರದಲ್ಲಿ 2020ರಿಂದ ಎಲ್ಲೇ ಆಗಲಿ, ಕಾಡುಪ್ರಾಣಿಗೆ ಆಹಾರ ಕೊಟ್ಟರೆ ಮೊದಲ ಸಲಕ್ಕೇ 5,000 ಡಾಲರ್‌ವರೆಗೆ ದಂಡ. ಅಲ್ಲಿರುವ ನನ್ನ ಗೆಳತಿ ಹೇಳುವ ಪ್ರಕಾರ ಅಲ್ಲಿ ಕಸದ ಡಬ್ಬಕ್ಕೂ ಚಿಲಕ ಇರುವುದರಿಂದ ದಂಡಕ್ಕೆ ಅರ್ಥ ಇದೆ. ನಮ್ಮಲ್ಲಿ ಹಸಿಕಸ ಗೇಟಿಗೆ ಕವರಿನಲ್ಲಿ ನೇತಾಡುತ್ತಿರುತ್ತದೆ. ಆಟೋ ಬರುವ ಮುಂಚೆ ಕೋತಿ ಬರುತ್ತದೆ. ಬಾಳೆಹಣ್ಣು ಇಟ್ಟ ಅಮ್ಮನಿಗೆ ದಂಡ, ಮಾವಿನಹಣ್ಣಿನ ವಾಟೆ, ಅನ್ನ ಕವರಿನಲ್ಲಿ ನೇತುಹಾಕಿದವರಿಗೆ ಏನೂ ಇಲ್ಲ ಅಂದರೆ ಅದು ಕೋತಿ ನಿಯಮ ಅಲ್ಲ, ಅಮ್ಮಂದಿರ ಮೇಲಿನ ನಿಯಮ.

ಇದನ್ನೇ ಸಭೆಯಲ್ಲಿ ಹೇಳಬೇಕು ಅಂದುಕೊಂಡೆ. ಆದರೆ ಅದಕ್ಕೆ ಮೊದಲು ಮನೆಯಲ್ಲಿ ಆಗಬೇಕಾದ ಮಾತಿತ್ತು. ಮಾವ ಊಟಕ್ಕೆ ಕೂತಿದ್ದರು. ಶನಿವಾರವೇ. ಅಮ್ಮ ಬಡಿಸುತ್ತಾ ಬಡಿಸುತ್ತಾ ತಾರಸಿಗೆ ಚಿಪ್ಪು ತೆಗೆದುಕೊಂಡು ಹೊರಟರು. ಮಾವ ಎಂದೂ ತಂಗಿಗೆ ಎದುರು ಆಡಿದವರಲ್ಲ.

“ನೀನು ಹರಕೆ ಹೊತ್ಕೊಂಡಿದ್ದು ಆಂಜನೇಯಂಗೋ, ಕೋತಿಗೋ?”

ಅಮ್ಮ ನಿಂತರು. “ಏನಣ್ಣ ಹಂಗಂದ್ರೆ?”

“ಏನಿಲ್ಲ ಕಣವ್ವ. ನೀನು ಇಲ್ಲಿ ರುಚಿ ಹತ್ತಿಸ್ತೀಯ. ನಿನ್ ಪಕ್ಕದ್ಮನೆಯೋರು ಗಾಡಿ ಮಾಡಿ ಕಳಿಸ್ತಾರೆ. ನಾನು ಅಲ್ಲಿ ಡಬ್ಬ ಬಡೀತಿನಿ. ನಿನ್ ಪುಣ್ಯ ನಿಂಗಿರ್ಲಿ. ಖರ್ಚು ಯಾರ್ದು ಅಂತ ಕೇಳ್ದೆ ಅಷ್ಟೆ.”

ಅಮ್ಮನಿಗೆ ಅಳು ಬಂತು. ಹರಕೆ ನಿಲ್ಲಿಸಿದರೆ ಅಪ್ಪನಿಗೆ ಏನಾದರೂ ಆಗುತ್ತದೆ ಅನ್ನುವ ಭಯಕ್ಕೆ ನನ್ನ ಹತ್ತಿರ ಇದ್ದ ಕಾನೂನು, ಲೇಖನ ಯಾವುದೂ ಉತ್ತರ ಆಗುವುದಿಲ್ಲ. ಅದು ಮೂಢನಂಬಿಕೆ ಅಂತ ಹೇಳಿ ಎದ್ದು ಹೋಗುವುದು ಸುಲಭ. ಐಸಿಯು ಹೊರಗಿನ ಬೆಂಚಿನಲ್ಲಿ ಮೂರು ರಾತ್ರಿ ಕೂತವರಿಗೆ ಅದು ಹಾಗೆ ಕಾಣುವುದಿಲ್ಲ. ದಾರಿ ತೋರಿಸಿದ್ದು ಮಾವನೇ. “ಹಣ್ಣು ಕೊಡೋದು ನಿಲ್ಲಿಸ್ಬೇಡ. ಗುಡಿಗೆ ಕೊಡು, ಮಕ್ಳಿಗೆ ಹಂಚ್ಲಿ. ಪ್ರಾಣಿಗೇ ಹಾಕ್ಬೇಕು ಅನ್ಸಿದ್ರೆ ರಾಮನಾಥಪುರಕ್ಕೆ ಬಾ.”

ರಾಮನಾಥಪುರ ಅರಕಲಗೂಡು ತಾಲ್ಲೂಕಿನದೇ, ಕಾವೇರಿ ದಂಡೆ. ಅಲ್ಲಿನ ವಹ್ನಿಪುಷ್ಕರಿಣಿಯಲ್ಲಿ ದೇವರ ಮೀನುಗಳಿವೆ. ದೊಡ್ಡ ದೊಡ್ಡವು, ಪುರಿ ಚೆಲ್ಲಿದರೆ ನೀರೇ ಎದ್ದು ಬಂದ ಹಾಗೆ ಬರುತ್ತವೆ. ಚಿಕ್ಕಂದಿನಲ್ಲಿ ನಾವು ಮಾವನ ಊರಿಗೆ ಹೋದಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದೆವು. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ. ಕಾನೂನೂ ಇದೆ, ಊರ ಕಟ್ಟೂ ಇದೆ. ಯೋಚಿಸಿದರೆ ಅದೂ ಕಾಡುಪ್ರಾಣಿಗೆ ಜನ ಆಹಾರ ಹಾಕುವುದೇ. ವ್ಯತ್ಯಾಸ ಏನೆಂದರೆ ಪುರಿ ತಿಂದ ಮೀನು ಯಾರ ಹೊಲಕ್ಕೂ ಹೋಗುವುದಿಲ್ಲ. ಅದನ್ನು ಯಾರೂ ಚೀಲಕ್ಕೆ ತುಂಬಿ ಇನ್ನೊಂದು ಊರ ಹೊಳೆಗೆ ಬಿಡುವುದಿಲ್ಲ. ಹಾಕುವವರೂ ಕಾಯುವವರೂ ಒಂದೇ ಊರಿನಲ್ಲಿದ್ದಾರೆ. ಮೀನಿನ ಆರೋಗ್ಯಕ್ಕೆ ಪುರಿ ಒಳ್ಳೆಯದೇ ಅನ್ನುವುದು ಬೇರೆ ಪ್ರಶ್ನೆ. ಪ್ಲಾಸ್ಟಿಕ್ ಪೊಟ್ಟಣವನ್ನೂ ನೀರಿಗೆ ಎಸೆಯುವವರನ್ನು ಕಂಡರೆ ಮಾತ್ರ ನನಗೆ ಸಿಂಗಪುರದ ದಂಡ ನೆನಪಾಗುತ್ತದೆ.

ಸಂಘದ ಸಭೆ ಪಾರ್ಕಿನಲ್ಲಿ ನಡೆಯಿತು. ಎರಡು ಗಂಟೆ. ಕೊನೆಗೆ ₹500 ದಂಡ ಬಿದ್ದುಹೋಯಿತು, ಯಾರು ವಸೂಲಿ ಮಾಡುವುದು ಅನ್ನುವ ಪ್ರಶ್ನೆಗೆ ಉತ್ತರ ಇರಲಿಲ್ಲ. ಉಳಿದದ್ದು ಇಷ್ಟು. ತಾರಸಿ, ಗೇಟು, ಪಾರ್ಕಿನಲ್ಲಿ ಆಹಾರ ಇಡಬಾರದು. ಕಸದ ಕವರ್ ಗೇಟಿಗೆ ನೇತುಹಾಕಬಾರದು, ಆಟೋ ಬಂದಾಗಲೇ ತರಬೇಕು. ಟ್ಯಾಂಕಿಗೆ ಮುಚ್ಚಳ, ಅದಕ್ಕೆ ತಂತಿ. ದೇವಸ್ಥಾನದಲ್ಲಿ ಒಡೆದ ಕಾಯಿ ಹೋಳು ಮೆಟ್ಟಿಲ ಮೇಲೆ ಬಿಡದೆ ಒಳಗೇ ಹಂಚಬೇಕು, ಇದಕ್ಕೆ ಅರ್ಚಕರು ಮೊದಲೇ ಒಪ್ಪಿದ್ದರು, ಅವರಿಗೇ ಕೋತಿ ಕಾಟ ಎಲ್ಲರಿಗಿಂತ ಹೆಚ್ಚು. ಮಕ್ಕಳಿಗೆ ಒಂದು ಪಾಠ: ಕೋತಿ ಎದುರು ಬಂದರೆ ಕಣ್ಣಲ್ಲಿ ಕಣ್ಣಿಡಬೇಡಿ, ಹಲ್ಲು ತೋರಿಸಿ ನಗಬೇಡಿ, ಓಡಬೇಡಿ, ಕೈಯಲ್ಲಿರುವ ತಿಂಡಿ ಬಿಟ್ಟುಬಿಡಿ. ಮತ್ತು ನಾನು ಹಟ ಹಿಡಿದು ಸೇರಿಸಿದ ಒಂದು ಸಾಲು: ಕೋತಿ ಹಿಡಿಸಲು ಸಂಘದ ಹೆಸರಿನಲ್ಲಾಗಲಿ ಗ್ರೂಪಿನಲ್ಲಾಗಲಿ ಹಣ ಎತ್ತುವಂತಿಲ್ಲ, ಕಚ್ಚುವ ಕೋತಿ ಇದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು. ಈ ಸಾಲಿಗೆ ನಾಲ್ಕು ಮನೆಯವರು ಇನ್ನೂ ಸಹಿ ಹಾಕಿಲ್ಲ.

ಮೊದಲ ಎರಡು ವಾರ ಕಾಟ ಜಾಸ್ತಿಯೇ ಆಯಿತು. ಸಿಗುತ್ತಿದ್ದದ್ದು ಸಿಗದಿದ್ದಾಗ ಅವು ಕಿಟಕಿ ಅಲ್ಲಾಡಿಸಿದವು, ಅಮ್ಮನ ತುಳಸಿ ಕಿತ್ತವು. “ನೋಡಿದ್ರಾ, ನಿಮ್ ರೂಲ್ಸು” ಅಂತ ಗ್ರೂಪಿನಲ್ಲಿ ಫೋಟೊ ಬಂದವು. ಆಮೇಲೆ ದಿನಾ ಬರುತ್ತಿದ್ದವು ಮೂರು ನಾಲ್ಕು ದಿನಕ್ಕೊಮ್ಮೆ ಹಾದುಹೋಗತೊಡಗಿದವು. ಕೂರುವುದಿಲ್ಲ, ಹೋಗುತ್ತವೆ. ಮೂಲೆಮನೆ ಅಜ್ಜಿ ಇನ್ನೂ ಸೋಮವಾರ ಏನೋ ಇಡುತ್ತಾರೆ, ನಮಗೆಲ್ಲ ಗೊತ್ತು, ಎಂಬತ್ತೆರಡು ವರ್ಷದವರಿಗೆ ಯಾರು ಹೇಳುವುದು? ಅಮ್ಮ ಶನಿವಾರ ಗುಡಿಗೆ ಹೋಗುತ್ತಾರೆ. ಚಿಪ್ಪು ಒಂದಿದ್ದದ್ದು ಎರಡಾಗಿದೆ. ಟ್ಯೂಷನ್ನಿಗೆ ಹೋಗುವ ಮಕ್ಕಳು ಈಗ ಆ ಹೊತ್ತಿಗೇ ಸರಿಯಾಗಿ ಗುಡಿ ಮುಂದೆ ಇರುತ್ತಾರೆ.

ಮಾವನಿಗೆ ಫೋನ್ ಮಾಡಿ ಇದೆಲ್ಲ ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು. “ಅಲ್ಲಿ ಹಾಕದು ನಿಲ್ಸಿದ್ರೆ ಇನ್ನೂ ಇತ್ಲಾಗೇ ಬರಲ್ವಾ ಅವ್ವ?”

“ಅಷ್ಟು ದೂರ ನಡ್ಕೊಂಡು ಬರಲ್ಲ ಮಾವ. ಗಾಡೀಲಿ ತಂದುಬಿಟ್ರೆ ಮಾತ್ರ.”

“ಹಂಗಾದ್ರೆ ಆ ಸಹಿ ಹಾಕದ ನಾಕ್ ಮನೆಯೋರನ್ನ ಒಂದ್ಸಲ ನಮ್ ಹೊಲಕ್ಕೆ ಕರ್ಕಬಾ. ಊಟ ನಂದೇ.”

ಕರೆದಿದ್ದೇನೆ. ಇಬ್ಬರು ಬರುತ್ತೇವೆ ಅಂದಿದ್ದಾರೆ. ಮುಂದಿನ ಭಾನುವಾರದ ಸಭೆಯಲ್ಲಿ ಬೇರೆ ಜಗಳ ಕಾದಿದೆ: ಲೇಔಟಿನ ಹಿಂದಿನ ಖಾಲಿ ಜಾಗದಲ್ಲಿ ಅತ್ತಿ, ನೇರಳೆ, ಗೋಣಿ ಸಸಿ ನೆಡೋಣ ಅಂತ ನಾವು ಕೆಲವರು ಬರೆದುಕೊಟ್ಟಿದ್ದೇವೆ. ಬೇರು ಕಾಂಪೌಂಡ್ ಒಡೆಯುತ್ತೆ ಅಂತ ಆಗಲೇ ಆರು ಆಕ್ಷೇಪಣೆ ಬಂದಿವೆ.